ಕಳ್ಳನೆಳೆ

ಚ್ಯಾಟಮ್‌ನ ಹಳೇ ಹಡಗುಕಟ್ಟೆಯಲ್ಲಿ
ಹಗ್ಗ ಹೊಸೆಯುವ ಕೋಣೆ, ಕಾಲು ಮೈಲಿ ಉದ್ದ.
ಆ ತುದಿಗೆ ನಿಂತವರು ಈ ತುದಿಗೆ ಕಡ್ಡಿಯಷ್ಟು.
ಡೊರೀನ್ ಟ್ಯಾಪ್ಸೆಲ್, ಎಪ್ಪತ್ತೊಂದು,
ಮೊಣಕೈವರೆಗೂ ಟಾರಿನ ವಾಸನೆ,
ಮೂರು ಎಳೆ ಕೊಕ್ಕೆಗೆ ಸಿಕ್ಕಿಸಿ ಹಿಡಿಕೆ ನನ್ನ ಕೈಗೆ ಕೊಟ್ಟಳು:
"ತಿರುಗಿಸು, ನಾನು ಸಾಕೆನ್ನುವವರೆಗೆ."

ತಿರುಗಿಸಿದೆ.
ಎಳೆಗಳು ಬಿಗಿದವು, ಬಿಗಿದು ಕುಗ್ಗಿದವು,
ಅವಳು ಸಾಕೆಂದ ಮೇಲೂ ಒಂದು ಸುತ್ತು;
ನಡುವಿನದು ತಟಕ್ಕನೆ ಮಡಿಚಿ, ಮೇಲೆದ್ದು, ಕುಣಿಕೆಯಾಯಿತು.
ಕಿರುಚಿಬಿಟ್ಟೆ. ಹೆದರಿಕೆಗಲ್ಲ.
ಅದನ್ನು ನಾನು ಆ ಮಂಗಳವಾರವಷ್ಟೇ ನೋಡಿದ್ದೆ
ಸೂರ್ಯನ ಹಣೆಯ ನಟ್ಟನಡುವೆ,
ಹತ್ತು ಭೂಮಿ ತೂರಿಹೋಗುವಷ್ಟು ದೊಡ್ಡದಾಗಿ.

"ಹುರಿ ಹೆಚ್ಚಾದರೆ ಹಾಗೇ," ಅಂದಳು,
"ಒಳಗೆ ಜಾಗ ಸಾಲದ್ದು ಡೊಂಕಾಗಿ ಹೊರಗೆ ಬರುತ್ತೆ."
ನಮ್ಮಲ್ಲಿ ಇದಕ್ಕೆ ನಾಲ್ಕು ಪುಟ ಸಮೀಕರಣ.

ಆಮೇಲೆ ಮೂರನ್ನೂ ಸೇರಿಸಿ ಎದುರು ದಿಕ್ಕಿಗೆ ತಿರುವಿದಳು.
ಎಳೆ ಬಿಚ್ಚಲು ಹೊರಟರೆ ಹಗ್ಗ ಬಿಗಿಯುತ್ತದೆ,
ಹಗ್ಗ ಬಿಚ್ಚಲು ಹೊರಟರೆ ಎಳೆ.
ಎರಡು ಹಟ ಒಂದನ್ನೊಂದು ಹಿಡಿದು ಕೂತದ್ದಕ್ಕೇ
ಹಡಗುಗಳು ದಡದಲ್ಲಿ ನಿಂತವು.

ಸೂರ್ಯನ ಹಗ್ಗಕ್ಕೆ ಆ ಎದುರು ಹಟ ಇಲ್ಲ.
ನಡುವೆ ನೆಟ್ಟಗೆ ಹರಿವ ಗೆರೆ, ಸುತ್ತಲಿನವು ಓರೆ,
ಅಂಚಿಗೆ ಬಂದಂತೆ ಬಳೆಯ ಹಾಗೆ ಅಡ್ಡ;
ಎಲ್ಲ ಒಂದೇ ಕಡೆಗೆ ನುಲಿದು
ಬಿಚ್ಚಿಕೊಳ್ಳುವುದೊಂದೇ ಧ್ಯಾನ.
ಮೇಲೆ ಬಿಗಿದ ಕಮಾನು ಹರಿಯಿತೋ, ಹೊರಟಿತು
ಎರಡೂ ಕಾಲು ಸೂರ್ಯನಲ್ಲೇ ಊರಿ
ಹೊಟ್ಟೆ ಮಾತ್ರ ಉಬ್ಬಿಸುತ್ತ,
ದಿನಕ್ಕೆ ಹೆಚ್ಚುಕಮ್ಮಿ ನಾಲ್ಕು ಕೋಟಿ ಕಿಲೋಮೀಟರು.
ದಾರಿಯುದ್ದಕ್ಕೂ ಸಿಪ್ಪೆ ಸುಲಿಯುತ್ತದೆ, ಹಿಗ್ಗಿ ತಣಿಯುತ್ತದೆ,
ಹುರಿ ಮಾತ್ರ ಹೋಗುವುದಿಲ್ಲ.
ಸುಟ್ಟರೂ ಹುರಿ ಬಿಡದ ಹಗ್ಗ:
ನಮ್ಮ ಮನೆಯಲ್ಲಿ ಒಬ್ಬ ಚಿಕ್ಕಪ್ಪನಿಗೇ ಮೀಸಲಾಗಿದ್ದ ಬೈಗುಳ.
ಭೌತಶಾಸ್ತ್ರವೆಂದು ಆಗ ಗೊತ್ತಿರಲಿಲ್ಲ.

ನನಗೆ ಸಿಗುವುದು ಹಗ್ಗವಲ್ಲ, ಅದರೊಳಗೆ ಸೂಜಿ ತೂರಿದ ದಾರಿ.
ಹದಿನೈದು ಲಕ್ಷ ಕಿಲೋಮೀಟರ್ ಆಚೆ ತೇಲುವ ಡಬ್ಬಿಯೊಂದು
ಕಳಿಸುವ ಮೂರು ಗೆರೆ: ಕೆಂಪು, ಹಸಿರು, ನೀಲಿ.
ನೀಲಿ ಉತ್ತರಕ್ಕೆ ಬಾಗಿದರೆ ಭೂಮಿಯ ಬಾಗಿಲು ಭದ್ರ,
ದಕ್ಷಿಣಕ್ಕೆ ಬಾಗಿದರೆ ಚಿಲಕ ತಾನೇ ಸರಿಯುತ್ತದೆ.
ಬಲಮುರಿಯೋ, ಎಡಮುರಿಯೋ?
ಬಸ್ಸಿನಲ್ಲಿ ಬೆರಳು ಮಡಿಚಿ, ಹೆಬ್ಬೆರಳೆತ್ತಿ ಲೆಕ್ಕ ಹಾಕುತ್ತಿದ್ದೆ;
ಎದುರು ಸೀಟಿನ ಹುಡುಗ ತಾನೂ ಹೆಬ್ಬೆರಳು ತೋರಿಸಿ ನಕ್ಕ.

ಡೊರೀನ್‌ಳ ತಮ್ಮ ಲೆನ್ ಪಂದ್ಯದ ಪಾರಿವಾಳ ಸಾಕುತ್ತಾನೆ.
ಆಕಾಶ ಕೆಟ್ಟರೆ ಅವಕ್ಕೆ ದಿಕ್ಕು ತಪ್ಪುತ್ತದೆಂದು ಅವನ ನಂಬಿಕೆ.
"ಶನಿವಾರ ಬಿಡಬಹುದಾ ಕೇಳು ಅವಳನ್ನ."
ಬೇಡ ಅಂದೆ.
ಶನಿವಾರ ಹಗ್ಗ ಬಂತು, ಹದಿನೆಂಟು ತಾಸು ಹಾದುಹೋಯಿತು,
ನೀಲಿ ಗೆರೆ ಅಷ್ಟೂ ಹೊತ್ತು ಉತ್ತರದಲ್ಲೇ
ಸಾಧು ಹಸುವಿನ ಹಾಗೆ.
ಮೆಡ್‌ವೇ ನದಿಯ ಮೇಲೆ ಒಳ್ಳೇ ಬಿಸಿಲು,
ಬೇರೆಯವರ ಪಾರಿವಾಳಗಳೆಲ್ಲ ಹೊತ್ತಿಗೆ ಸರಿಯಾಗಿ ಮನೆಗೆ.
ಲೆನ್ ಮೂರು ವಾರ ನನ್ನನ್ನು ಮಾತಾಡಿಸಲಿಲ್ಲ.

ಡೊರೀನ್ ಮಾತ್ರ ಗೇಣುದ್ದದ ಒಂದು ತುಂಡು ಕಳಿಸಿದಳು.
ಹಿಂದೆ ನೌಕಾಪಡೆಯ ಹಗ್ಗದೊಳಗೆ ಬಣ್ಣದ ನೂಲೊಂದನ್ನು
ಅಡಗಿಸಿ ಹೊಸೆಯುತ್ತಿದ್ದರಂತೆ,
ಕದ್ದು ಮಾರಿದರೂ ಯಾರದೆಂದು ಅದೇ ಹೇಳಲಿ ಎಂದು.
ಕಳ್ಳನೆಳೆ. ಬಿಚ್ಚಿ ನೋಡಿದೆ, ಇತ್ತು.

ನನ್ನ ಅಂಕಿಗಳಲ್ಲೂ ಇತ್ತು:
ಹದಿನಾರು ಎಲೆಕ್ಟ್ರಾನು ಕಳಕೊಂಡ ಕಬ್ಬಿಣ,
ಹುಟ್ಟಿದ ಬೆಂಕಿಯ ಅಳತೆಯನ್ನು ಮೈಯಲ್ಲೇ ಹೊತ್ತು
ಎಲ್ಲಿಂದ ಬಂದೆ ಎಂದು ಕೇಳಿದರೆ
ಸುಳ್ಳು ಹೇಳಲು ಬಾರದೆ.

ಈಗ ಆ ತುಂಡನ್ನು ತೊಡೆಯ ಮೇಲಿಟ್ಟು ಮತ್ತೆ ಹೊಸೆಯಲು ಕೂತಿದ್ದೇನೆ.
ಮೂರೂ ಎಳೆ ಬೆರಳಿಗೆ ಎದುರು ತಿರುಗುತ್ತವೆ.
ಎಡವೋ ಬಲವೋ,
ಕೈ ಬಿಟ್ಟರೆ ತಾವೇ ತೋರಿಸುತ್ತವೆ.